ಎರಡು ಮಾರು, ತಳ ಮರಳು

ನಾನು ಕಾರವಾರದಲ್ಲಿ ಪದವಿಗೆ ಸೇರಿದ್ದು 1986ರಲ್ಲಿ. ಅದೇ ವರ್ಷ ಅಕ್ಟೋಬರ್‌ನಲ್ಲಿ ರಾಜೀವ್ ಗಾಂಧಿ ಬಂದು ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಹಾಕಿದರು. ಊರಲ್ಲೆಲ್ಲ ನೇವಿಯದೇ ಮಾತು. ನೌಕಾ ಎನ್‌ಸಿಸಿಯ ಬಿಳಿ ಸಮವಸ್ತ್ರ ಹಾಕಿದ ನಮಗಂತೂ ನಾಳೆಯೇ ಕ್ಷಿಪಣಿ ಹಾರಿಸುವವರ ಹಾಗೆ ಜಂಬ.

ಆ ಹೊತ್ತಿಗೆ ನಮಗೆ ಸಿಕ್ಕವರು ಕಮಾಂಡರ್ ಸರ್. ನೇವಿಯಿಂದ ನಿವೃತ್ತರಾಗಿ ಅಂಕೋಲಾ ಹತ್ತಿರದ ಹಳ್ಳಿಮನೆಗೆ ಬಂದಿದ್ದರು. ಸಂಬಳ ಇಲ್ಲ, ಹಾಜರಿ ಪುಸ್ತಕದಲ್ಲಿ ಹೆಸರಿಲ್ಲ. ಭಾನುವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಬಂದು ನಮಗೆ ಪಾಠ ಹೇಳಿ, ಮಧ್ಯಾಹ್ನದ ಬಸ್ಸಿಗೆ ಹೋಗಿಬಿಡುತ್ತಿದ್ದರು. ಒಂದು ಸೋಡಾ ಕೊಡಿಸೋಣ ಅಂದರೂ ಒಪ್ಪುತ್ತಿರಲಿಲ್ಲ.

ಮೊದಲ ದಿನವೇ ನಮ್ಮಲ್ಲೊಬ್ಬ ಧೈರ್ಯ ಮಾಡಿ ಕೇಳಿದ. "ಸರ್, ನೀವು ಎಷ್ಟು ಹಡಗು ಮುಳುಗಿಸಿದ್ದೀರಿ?"

"ಒಂದೂ ಇಲ್ಲ. ನಾನು ಸರ್ವೆಯವನು."

ಸರ್ವೆ ಅಂದರೆ ನಮಗೆ ಗೊತ್ತಿದ್ದದ್ದು ತಾಲೂಕು ಕಚೇರಿಯಿಂದ ಸರಪಳಿ ಹಿಡಿದು ಬಂದು, ಕಲ್ಲು ಹುಡುಕಿ, ದಾಯಾದಿಗಳಿಗೆ ಜಗಳ ಹಚ್ಚಿ ಹೋಗುವವರು. ಸಮುದ್ರದಲ್ಲಿ ಯಾರ ಗದ್ದೆ ಇದೆ ಅಂತ ಅಳೆಯೋದು? ನಮಗೆಲ್ಲ ಸಿಕ್ಕಾಪಟ್ಟೆ ನಿರಾಸೆ ಆಯಿತು. ಸುಮ್ನೆ ಮುಚ್ಚಿಟ್ಟು ಏನು ಪ್ರಯೋಜನ.

ಆ ಕೆಲಸ ಎಂಥದ್ದು ಅಂತ ಅರ್ಥವಾಗಲು ಒಂದು ವರ್ಷ ಬೇಕಾಯಿತು. ಆಗೆಲ್ಲ ಮಳೆಗಾಲ ಮುಗಿದ ಮೇಲೆ ಸರ್ವೆ ಹಡಗು ಹೊರಡುತ್ತಿತ್ತು. ದಡದ ಗುಡ್ಡ, ದೀಪಸ್ತಂಭ, ದೇವಸ್ಥಾನದ ಗೋಪುರ, ಯಾವುದು ದೂರದಿಂದ ಸರಿಯಾಗಿ ಕಾಣುತ್ತದೋ ಅದನ್ನು ಗುರುತು ಮಾಡಿಕೊಳ್ಳುತ್ತಿದ್ದರು. ಸಣ್ಣ ದೋಣಿಗಳು ಗದ್ದೆ ಉಳುವ ಹಾಗೆ ಸಾಲು ಸಾಲಾಗಿ ಹೋಗುತ್ತಿದ್ದವು. ಇಬ್ಬರು ಸೆಕ್ಸ್‌ಟೆಂಟ್ ಅನ್ನೋ ಕೋನ ಅಳೆಯುವ ಉಪಕರಣ ಹಿಡಿದು ಮೂರು ಗುರುತುಗಳ ನಡುವಿನ ಕೋನ ನೋಡಿ ದೋಣಿ ಎಲ್ಲಿದೆ ಅಂತ ಹೇಳಬೇಕಿತ್ತು. ಅದೇ ಕ್ಷಣಕ್ಕೆ ಇನ್ನೊಬ್ಬ ಆಳ ಹೇಳಬೇಕಿತ್ತು. ಯಂತ್ರ ಕೆಳಕ್ಕೆ ಶಬ್ದ ಬಿಡುತ್ತದೆ. ಅದು ತಳಕ್ಕೆ ಬಡಿದು ವಾಪಸ್ ಬರಲು ಎಷ್ಟು ಹೊತ್ತಾಯಿತು ಅನ್ನೋದರ ಮೇಲೆ ಆಳದ ಲೆಕ್ಕ. ನೀರಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1500 ಮೀಟರ್ ಓಡುತ್ತದೆ. ಹೀಗೆ ತಿಂಗಳುಗಟ್ಟಲೆ. ಮಳೆ ಶುರುವಾದರೆ ವಾಪಸ್ ಬಂದು, ಅಳೆದದ್ದನ್ನೆಲ್ಲ ಕೈಯಲ್ಲೇ ಕಾಗದಕ್ಕೆ ಇಳಿಸುತ್ತಿದ್ದರು. ಇಷ್ಟೆಲ್ಲ ಆಗಿ ಆ ನಕ್ಷೆಗಳು ಹೋಗಿ ಸೇರುತ್ತಿದ್ದದ್ದು ಡೆಹ್ರಾಡೂನ್‌ಗೆ. ಸಮುದ್ರದ ನಕ್ಷೆ ಮಾಡುವ ಕಚೇರಿ ಹಿಮಾಲಯದ ಬುಡದಲ್ಲಿದೆ! ಇದನ್ನು ಹೇಳುವಾಗ ಮಾತ್ರ ಸರ್ ಸ್ವಲ್ಪ ನಗುತ್ತಿದ್ದರು.

ಸರ್ ಮೊದಲು ಹತ್ತಿದ ದೊಡ್ಡ ಹಡಗು ಐಎನ್‌ಎಸ್ ಮೈಸೂರು. ಬ್ರಿಟಿಷರ 'ನೈಜೀರಿಯಾ' ಅನ್ನೋ ಹಡಗು 1957ರಲ್ಲಿ ನಮ್ಮ ಕೈಗೆ ಬಂದು ಮೈಸೂರು ಆಯಿತು. ಅದರ ಲಾಂಛನದಲ್ಲಿ ಗಂಡಭೇರುಂಡ. "ಉತ್ತರದ ಹುಡುಗರಿಗೆಲ್ಲ ಎರಡು ತಲೆ ಯಾಕೆ ಅಂತ ವಿವರಿಸಿ ವಿವರಿಸಿ ಸಾಕಾಗಿತ್ತು ಮಾರಾಯ" ಅನ್ನುತ್ತಿದ್ದರು. ಅಲ್ಲಿಂದ ಸರ್ವೆಗೆ ಹೋದವರು ಮತ್ತೆ ತೋಪಿನ ಹಡಗಿಗೆ ಬರಲಿಲ್ಲ.

ಅವರ ಚೀಲದಲ್ಲಿ ಒಂದು ಹಗ್ಗ ಇರುತ್ತಿತ್ತು. ಅದರ ತುದಿಗೆ ಸುಮಾರು ಮೂರು ಕೆಜಿ ತೂಕದ ಸೀಸದ ಗುಂಡು. ಯಂತ್ರ ಬರುವ ಮೊದಲು ಆಳ ನೋಡುತ್ತಿದ್ದದ್ದು ಇದರಿಂದಲೇ. ಇಂಗ್ಲಿಷಿನವರು ಫ್ಯಾದಮ್ ಅನ್ನೋದು ಬೇರೇನೂ ಅಲ್ಲ, ನಮ್ಮ ಮಾರು. ಎರಡೂ ಕೈ ಚಾಚಿದರೆ ಎಷ್ಟೋ ಅಷ್ಟು. "ಹೂವಿನವಳು ಮಲ್ಲಿಗೆ ಅಳೀತಾಳಲ್ಲ, ಹಾಗೇ" ಅಂದು ಸರ್ ಕೈ ಚಾಚಿ ತೋರಿಸಿದ್ದರು. ಹಗ್ಗದಲ್ಲಿ ಎರಡು ಮಾರಿಗೆ ಎರಡು ಚರ್ಮದ ಪಟ್ಟಿ. ಮೂರಕ್ಕೆ ಮೂರು ಪಟ್ಟಿ. ಐದಕ್ಕೆ ಬಿಳಿ ಹತ್ತಿ ಬಟ್ಟೆ, ಏಳಕ್ಕೆ ಕೆಂಪು ಉಣ್ಣೆ. ಹತ್ತಕ್ಕೆ ತೂತು ಇರುವ ಚರ್ಮದ ತುಂಡು. ಎಲ್ಲದಕ್ಕೂ ಒಂದೇ ಬಟ್ಟೆ ಕಟ್ಟಿ ಬೇರೆ ಬೇರೆ ಬಣ್ಣ ಹಚ್ಚಬಹುದಿತ್ತಲ್ಲ ಅಂತ ಕೇಳಿದೆ.

"ಕಣ್ಣು ಮುಚ್ಚು" ಅಂದರು. ಹಗ್ಗ ಕೈಗೆ ಕೊಟ್ಟರು. "ಈಗ ಹೇಳು."

ಕತ್ತಲೆಯಲ್ಲಿ ಬಣ್ಣ ಕಾಣುವುದಿಲ್ಲ. ಹತ್ತಿ ಯಾವುದು, ಉಣ್ಣೆ ಯಾವುದು ಅಂತ ಬೆರಳಿಗೆ ಗೊತ್ತಾಗುತ್ತದೆ. ಚಳಿಗೆ ಬೆರಳು ಮರಗಟ್ಟಿದರೆ ತುಟಿಗೆ ತಾಗಿಸಿ ನೋಡುತ್ತಿದ್ದರಂತೆ.

ಗುಂಡಿನ ಬುಡದಲ್ಲಿ ಒಂದು ಗುಳಿ. ಹಿಂದೆ ಅದಕ್ಕೆ ಪ್ರಾಣಿಯ ಕೊಬ್ಬು ತುಂಬುತ್ತಿದ್ದರು. ತಳಕ್ಕೆ ಮುಟ್ಟಿದಾಗ ಅಲ್ಲಿದ್ದ ಮರಳೋ ಕೆಸರೋ ಚಿಪ್ಪಿನ ಚೂರೋ ಅದಕ್ಕೆ ಅಂಟಿಕೊಂಡು ಮೇಲೆ ಬರುತ್ತದೆ. ನಕ್ಷೆಯಲ್ಲಿ ಆಳದ ಜೊತೆ ತಳದಲ್ಲಿ ಏನಿದೆ ಅಂತಲೂ ಬರೀತಾರೆ. ಲಂಗರು ಹಾಕುವವನಿಗೆ ಅದು ಬೇಕು. ಕಮಾಂಡರ್ ಸರ್ ಕೊಬ್ಬಿನ ಬದಲು 501 ಬಾರ್ ಸೋಪು ತುಂಬುತ್ತಿದ್ದರು. ಮನೆಯಲ್ಲಿ ಅಮ್ಮ, ಅಂದರೆ ಅವರ ಹೆಂಡತಿ, ಬಟ್ಟೆ ಒಗೆಯುವ ಸೋಪು ಬೇಗ ಖಾಲಿಯಾಗುತ್ತದೆ ಅಂತ ಗೊಣಗುತ್ತಿದ್ದರು.

ಈಗ ನನ್ನ ತಪ್ಪಿನ ಕತೆ. ಕಾಳಿ ನದಿಯ ಅಳಿವೆಯಲ್ಲಿ ನಾವು ಎಂಟು ಜನ ದೋಣಿ ಹುಟ್ಟು ಹಾಕುತ್ತಿದ್ದೆವು. ಗುಂಡು ಬಿಡುವ ಕೆಲಸ ನನ್ನದು. ಕೋಡಿಬಾಗದ ಸೇತುವೆ ಆಗಿನ್ನೂ ಹೊಸದು. 2024ರಲ್ಲಿ ರಾತ್ರೋರಾತ್ರಿ ಕುಸಿದು ಬಿತ್ತಲ್ಲ, ಅದೇ. ಅದರ ಮೇಲೆ ಹೋಗುವ ಬಸ್ಸು ನೋಡುತ್ತಾ ಗುಂಡನ್ನು ಸುಮ್ನೆ ನೀರಿಗೆ ಅದ್ದಿ ತೆಗೆಯುತ್ತಿದ್ದೆ. "ಎರಡು ಮಾರು" ಅಂದೆ. ಮತ್ತೆ "ಎರಡು ಮಾರು". ಮೂರನೇ ಸಲ ಅನ್ನುವಷ್ಟರಲ್ಲಿ ದೋಣಿ ಕರ್‍ರ್ ಅಂತ ಮರಳು ದಿಬ್ಬ ಹತ್ತಿತು. ಇಳಿತದ ಹೊತ್ತು. ನೋಡುತ್ತಿದ್ದ ಹಾಗೆ ನೀರು ಸರಿಯಿತು. ಭರತ ಬರುವ ತನಕ ಅಲ್ಲಾಡುವ ಹಾಗಿಲ್ಲ.

ಸರ್ ಬೈಯಲಿಲ್ಲ. ಗುಂಡು ಎತ್ತಿ ಬುಡ ನೋಡಿದರು. ಸೋಪು ಬೆಳ್ಳಗೆ, ಹೊಳೆಯುತ್ತಾ ಇತ್ತು. ಒಂದು ಕಣ ಮರಳಿಲ್ಲ. ಅದನ್ನು ನನ್ನ ತೊಡೆಯ ಮೇಲೆ ಇಟ್ಟರು ಅಷ್ಟೇ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಸ್ವಲ್ಪ ಹೊತ್ತಿನ ಮೇಲೆ ನಕ್ಷೆ ಬಿಚ್ಚಿದರು. ಒಂದು ಕಡೆ ಬಂಡೆಯ ಗುರುತಿನ ಪಕ್ಕ ಇಂಗ್ಲಿಷಿನಲ್ಲಿ ಇ.ಡಿ. ಅಂತ ಇತ್ತು. ಅಂದರೆ ಬಂಡೆ ಇರುವುದೇ ಅನುಮಾನ. ಯಾರೋ ನೋಡಿದೆ ಅಂದಿದ್ದಾರೆ, ಅಳೆದವರು ಯಾರೂ ಇಲ್ಲ. "ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅಂತ ಅಚ್ಚು ಹಾಕ್ತೇವೆ. ನೀನು ಎರಡು ಮಾರು ಅಂದೆ."

ಆ ದೋಣಿಯಲ್ಲಿ ಮೂರು ಗಂಟೆ ಕೂತಿದ್ದೆವು. ಬೇಜಾರು ಕಳೆಯಲು ಹುಡುಗರು 1971ರ ಯುದ್ಧದ ಕತೆ ಕೇಳಿದರು. ಡಿಸೆಂಬರ್ 4ರ ರಾತ್ರಿ ನಿಪಾತ್, ನಿರ್ಘಾತ್, ವೀರ್ ಅನ್ನೋ ಮೂರು ಪುಟ್ಟ ಕ್ಷಿಪಣಿ ದೋಣಿಗಳು ಕರಾಚಿ ಮೇಲೆ ದಾಳಿಗೆ ಹೋದದ್ದನ್ನು ಸರ್ ಐದೇ ನಿಮಿಷದಲ್ಲಿ ಹೇಳಿ ಮುಗಿಸಿದರು. ದಡ ಕಾಯಲು ಮಾಡಿದ್ದ ದೋಣಿಗಳವು. ಜಾಸ್ತಿ ದೂರ ಓಡುವ ತಾಕತ್ತಿಲ್ಲ. ಅದಕ್ಕೆ ಹಗ್ಗ ಕಟ್ಟಿ ಎಳೆದುಕೊಂಡು ಹೋದರಂತೆ. ನಾವು ಚಪ್ಪಾಳೆ ತಟ್ಟಿದೆವು.

"9ನೇ ತಾರೀಖು ಗೊತ್ತಾ?" ಅಂದರು. ಯಾರಿಗೂ ಗೊತ್ತಿರಲಿಲ್ಲ.

ಅವತ್ತು ದೀವ್ ಹತ್ತಿರ ಪಾಕಿಸ್ತಾನದ ಸಬ್‌ಮರೀನ್ ನಮ್ಮ ಖುಕ್ರಿ ಯುದ್ಧನೌಕೆಯನ್ನು ಮುಳುಗಿಸಿತು. 18 ಅಧಿಕಾರಿಗಳು, 176 ನಾವಿಕರು ಹೋದರು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಹಡಗು ಬಿಟ್ಟು ಬರಲಿಲ್ಲ. ಅದರಲ್ಲಿ ಸರ್ ಜೊತೆ ತರಬೇತಿ ಪಡೆದ ಒಬ್ಬರಿದ್ದರು. ಹೆಸರು ಹೇಳಿದರು, ನಾನಿಲ್ಲಿ ಬರೆಯುವುದಿಲ್ಲ. "ಅವರೂ ನಮ್ಮ ಹಾಗೇ ನೀರಿಗೆ ಶಬ್ದ ಬಿಟ್ಟು ಕೇಳೋದು. ನಾವು ತಳ ಹುಡುಕ್ತೇವೆ, ಅವರು ಸಬ್‌ಮರೀನ್ ಹುಡುಕ್ತಾರೆ. ಮೇಲೆ ಬಿಸಿ ನೀರು, ಕೆಳಗೆ ತಣ್ಣೀರು ಇದ್ದರೆ ಶಬ್ದ ಬಾಗಿ ಹೋಗ್ತದೆ. ಕೆಳಗಿರೋನು ಕಾಣಲ್ಲ." ಇಷ್ಟು ಹೇಳಿ ಸೇತುವೆ ಕಡೆ ತಿರುಗಿ ಕೂತರು.

ಆಮೇಲಿಂದ ನಾನು ಗಮನಿಸಿದ್ದು, ಡಿಸೆಂಬರ್ 4ರ ನೌಕಾ ದಿನಕ್ಕೆ ಸರ್ ಬರುತ್ತಿದ್ದರು, ಭಾಷಣಕ್ಕೆ ಕರೆದರೆ ನಾಲ್ಕು ಮಾತು ಆಡುತ್ತಿದ್ದರು. 9ಕ್ಕೆ ಮಾತ್ರ ಅವರನ್ನು ಯಾರೂ ಎಲ್ಲಿಗೂ ಕರೆಸುವ ಹಾಗಿರಲಿಲ್ಲ.

ಸೀಬರ್ಡ್ ಬಗ್ಗೆ ಅವರ ಮನಸ್ಸಿನಲ್ಲಿ ಏನಿತ್ತೋ ಕೊನೆಗೂ ತಿಳಿಯಲಿಲ್ಲ. ಹಿಂದೆ ಗುಡ್ಡ, ಮುಂದೆ ಅಂಜದೀವ್ ನಡುಗಡ್ಡೆ, ದಡದ ಹತ್ತಿರವೇ ಒಳ್ಳೆ ಆಳ. ಇಂಥ ಜಾಗ ಪಶ್ಚಿಮ ಕರಾವಳಿಯಲ್ಲಿ ಕಡಿಮೆ ಅನ್ನುತ್ತಿದ್ದರು. ಆದರೆ ಅರ್ಗಾ, ಬಿಣಗಾ ಕಡೆಯ ನಮ್ಮ ಸಹಪಾಠಿಗಳು ಮನೆ ಹೋಗುತ್ತದೆ ಅಂತ ಹೇಳಿದಾಗ ಸುಮ್ಮನಾಗುತ್ತಿದ್ದರು. 2005ರಲ್ಲಿ ನೆಲೆ ಶುರುವಾದಾಗ ಆಮಂತ್ರಣ ಬಂತಾ ಅಂತ ಕೇಳಿದ್ದೆ. ಬಾವಿ ಕೆಲಸ ಇತ್ತು ಅಂದರು.

ಬಾವಿ ಕೆಲಸ ಅಂದರೆ ತಮಾಷೆಯಲ್ಲ. ಮನೆಯ ಬಾವಿಯ ನೀರನ್ನು ದಿನಾ ಬೆಳಿಗ್ಗೆ ಹಗ್ಗ ಬಿಟ್ಟು ಅಳೆದು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದರು. ಇಪ್ಪತ್ತು ವರ್ಷಕ್ಕೂ ಜಾಸ್ತಿ ಬರೆದಿದ್ದಾರೆ. ಜ್ವರ ಬಂದು ಅಳೆಯಲು ಆಗದ ದಿನ ಅಂದಾಜು ಬರೆದಿಲ್ಲ. ಜಾಗ ಖಾಲಿ ಬಿಟ್ಟಿದ್ದಾರೆ.

ಅವರು ಹೋದ ಸುದ್ದಿ ನನಗೆ ತಡವಾಗಿ ಸಿಕ್ಕಿತು. ಮನೆಗೆ ಹೋದಾಗ ಅಮ್ಮ ಒಳಗಿಂದ ಆ ಚೀಲ ತಂದರು. "ಹುಡುಗರು ಯಾರಾದ್ರೂ ಬಂದ್ರೆ ಕೊಡು ಅಂದಿದ್ರು" ಅಂದರು. ನನಗೀಗ ಐವತ್ತು ದಾಟಿದೆ. ಅಮ್ಮನಿಗೆ ನಾನಿನ್ನೂ ಹುಡುಗ.

ಹಗ್ಗ ಸವೆದಿತ್ತು. ಕೆಂಪು ಉಣ್ಣೆಯ ಬಣ್ಣ ಹೋಗಿತ್ತು. ಗುಂಡನ್ನು ತಿರುಗಿಸಿದೆ. ಗುಳಿಯಲ್ಲಿ ಸೋಪು ಒಣಗಿ ಕಲ್ಲಾಗಿತ್ತು, ಅದರ ತುಂಬ ಮರಳು, ಒಂದು ಚಿಪ್ಪಿನ ಚೂರು.

"ಗಲೀಜಾಗಿದೆ, ತೊಳೆದು ಕೊಡ್ಲಾ ಮಗಾ?" ಅಂದರು ಅಮ್ಮ.

ಬೇಡಮ್ಮ ಅಂದೆ.