ಜಪಾನಿ ಕಲಿಕೆ: ಈ ತಿಂಗಳು ಬೆಂಡೆಕಾಯಿ, ಮಳೆ, ಸಿಟ್ಟು

ಈ ತಿಂಗಳು ಪೂರ್ತಿ ಅನುಕರಣ ಪದಗಳನ್ನೇ ಹಿಡಿದು ಕೂತಿದ್ದೇನೆ. ಜಪಾನಿಯಲ್ಲಿ ಇವು ರಾಶಿ ರಾಶಿ ಇವೆ. ಸದ್ದಿಗಷ್ಟೇ ಅಲ್ಲ, ಮುಟ್ಟಿದಾಗ ಹೇಗಿರುತ್ತದೆ, ಮನಸ್ಸಿಗೆ ಏನಾಗುತ್ತದೆ ಅನ್ನುವುದಕ್ಕೂ ಇವೆ. ಆಂಕಿ ಅನ್ನುವ, ಪದಗಳನ್ನು ಮತ್ತೆ ಮತ್ತೆ ನೆನಪಿಸುವ ಆ್ಯಪ್‌ನ ಕಾರ್ಡಿನಲ್ಲಿ ಅರ್ಥ ಬರೆದು ಸುಮ್ನೆ ಉರು ಹೊಡೆದರೆ ಎಲ್ಲವೂ ಒಂದೇ ಥರ ಕೇಳುತ್ತವೆ. ಅದಕ್ಕೇ ಒಂದು ನಿಯಮ ಮಾಡಿಕೊಂಡೆ: ಕೈಗೋ ನಾಲಿಗೆಗೋ ಕಿವಿಗೋ ಸಿಕ್ಕ ಮೇಲೆಯೇ ಪದ ಕಾರ್ಡಿಗೆ ಹೋಗಬೇಕು.

ಅಡುಗೆಮನೆಯಲ್ಲಿ ಕೆಲಸ ಸಲೀಸಾಯಿತು. ಬೆಂಡೆಕಾಯಿ ಹೆಚ್ಚುವಾಗ ಬೆರಳಿಗೆ ಎಳೆ ಎಳೆಯಾಗಿ ಲೋಳೆ ಹಿಡಿಯುತ್ತದಲ್ಲ, ಅದೇ 'ನೆಬನೆಬ'. ಎರಡು ಬೆರಳು ಅಂಟಿಸುತ್ತಾ ಬಿಡಿಸುತ್ತಾ ಜೋರಾಗಿ ಹೇಳಿದೆ. ಜಪಾನಿನವರೂ ಬೆಂಡೆಕಾಯಿಗೆ, ನಾತ್ತೋ ಅನ್ನುವ ಹುದುಗಿಸಿದ ಸೋಯಾ ಕಾಳಿಗೆ ಇದೇ ಪದ ಹೇಳುತ್ತಾರೆ. ಬಿಸಿ ಇಡ್ಲಿ ಮೆಲ್ಲಗೆ ಒತ್ತಿ ನೋಡಿದರೆ 'ಫುವಫುವ'.

'ಸರಸರ' ಮಾತ್ರ ಹಟ ಮಾಡಿತು. ಅಲ್ಲಿ ಅದು ನಯವಾಗಿ ಜಾರುವ ಕೂದಲು, ತಡೆಯಿಲ್ಲದೆ ಹರಿಯುವ ನೀರು. ನಮ್ಮ ಕಿವಿಗೆ ಸರಸರ ಅಂದರೆ ಬೇಗ ಬೇಗ. ತಲೆಸ್ನಾನ ಮಾಡಿ ಒಣಗಿದ ಕೂದಲಲ್ಲಿ ಬೆರಳಾಡಿಸುತ್ತಾ ದಿನಾ ಹೇಳಿದ ಮೇಲೆ ಕೂತಿತು.

ಮಳೆ ತುಂಬಾ ಕೊಟ್ಟಿತು. ಜಿಟಿಜಿಟಿ ಮಳೆಗೆ 'ಶಿತೊಶಿತೊ', ಧೋ ಎಂದು ಸುರಿದರೆ 'ಜ಼ಾಜ಼ಾ'. ಕಿಟಕಿ ತೆಗೆದು ಕೇಳಿದರೆ ಸಾಕು, ಅರ್ಥ ಬರೆದುಕೊಳ್ಳುವುದೇ ಬೇಡ. ದಡದಡ, ಥಳಥಳ, ಗುಸುಗುಸು ಅಂತ ಮಾತಾಡಿಕೊಂಡೇ ಬೆಳೆದವರಲ್ವಾ ನಾವು? ಈ ವಿಷಯದಲ್ಲಿ ಕನ್ನಡದವರಿಗೆ ದಾರಿ ಹತ್ತಿರ ಅಂತ ನನಗೆ ಗಟ್ಟಿಯಾಗಿ ಅನಿಸಿದೆ.

ಸಿಟ್ಟಿನಲ್ಲಿ ಹೇಳಿದ ಪದವಂತೂ ಬಿಟ್ಟು ಹೋಗುವುದೇ ಇಲ್ಲ. ಸಿಗ್ನಲ್ಲಿನಲ್ಲಿ ಹಿಂದಿನವರು ಹಾರ್ನ್ ಹೊಡೆಯುತ್ತಲೇ ಇದ್ದಾಗ 'ಇರಾಇರಾ'. ಕೈಗೆ ಬಂದಿದ್ದ ಕೇರಂ ಆಟ ಕೊನೇ ಕಾಯಿಯಲ್ಲಿ ತಪ್ಪಿದಾಗ ಹೊಟ್ಟೆಯೊಳಗೆ ಉರಿಯಿತಲ್ಲ, ಅದು 'ಕುಯಾಶೀ'. ಪುಸ್ತಕದಲ್ಲಿ ಎಷ್ಟು ಓದಿದರೂ ಇಷ್ಟು ಸ್ಪಷ್ಟವಾಗಿರಲಿಲ್ಲ.

ಕ್ರಿಯಾಪದಗಳಿಗೆ ಜೇಮ್ಸ್ ಆಶರ್ ಅವರ ದಾರಿ ಹಿಡಿದಿದ್ದೇನೆ. ಈ ಅಮೆರಿಕದ ಮನಶ್ಶಾಸ್ತ್ರಜ್ಞ 1960ರ ದಶಕದಲ್ಲಿ ಜಪಾನಿಯನ್ನೇ ಇಟ್ಟುಕೊಂಡು ಪ್ರಯೋಗ ಮಾಡಿದ್ದರು. ನಿಲ್ಲು, ನಡೆ ಅಂತ ಜಪಾನಿಯಲ್ಲಿ ಹೇಳುವುದು, ಕಲಿಯುವವರು ಎದ್ದು ಹಾಗೇ ಮಾಡುವುದು. ನಾನು ಹಾಲ್‌ನಲ್ಲಿ 'ತತೆ' ಅಂದು ಏಳುತ್ತೇನೆ, 'ಅರುಕೆ' ಅಂದು ನಡೆಯುತ್ತೇನೆ.

ಬಾಕಿ ಉಳಿದದ್ದು 'ಹೋರಿತ್ಸು', ಅಂದರೆ ಕಾನೂನು, ಅಂಥವು. ಮುಟ್ಟೋಕೂ ಸಿಗಲ್ಲ, ಮೂಸೋಕೂ ಸಿಗಲ್ಲ. ಮುಂದಿನ ತಿಂಗಳು ಇವನ್ನು ಜಪಾನಿ ಸುದ್ದಿಯಲ್ಲಿ ಹುಡುಕಿ, ನನಗೆ ನಿಜವಾಗಿ ಕೋಪವೋ ಖುಷಿಯೋ ತಂದ ವಾಕ್ಯದ ಜೊತೆಗೇ ಕಾರ್ಡ್ ಮಾಡಿ ನೋಡುತ್ತೇನೆ.