ಓದಲು ಹೋದವರಿಗೆ ಚುನಾವಣೆ ಯಾಕೆ?

ಫೆಬ್ರವರಿ ಬಂತೆಂದರೆ ನನಗೆ ಒಂದೇ ಬಗೆಯ ಸಂದೇಶಗಳು ಬರತೊಡಗುತ್ತವೆ. ಕಳಿಸುವವರು ಅಮೆರಿಕದ ಯಾವುದೋ ವಿಶ್ವವಿದ್ಯಾಲಯದಲ್ಲಿ ಎಂಎಸ್ ಅಥವಾ ಪಿಎಚ್‌ಡಿ ಮಾಡುತ್ತಿರುವ ಹುಡುಗ ಹುಡುಗಿಯರು. “ಅಕ್ಕ, ನಮ್ಮಲ್ಲಿ ಗ್ರ್ಯಾಜುಯೇಟ್ ಸ್ಟೂಡೆಂಟ್ ಗವರ್ನ್‌ಮೆಂಟ್ ಚುನಾವಣೆ ಇದೆ. ನಿಲ್ಲಬಹುದೇ? ಅದರಿಂದ ಏನು ಪ್ರಯೋಜನ? ಗೈಡ್ ಬೈಯುವುದಿಲ್ಲವೇ? ವೀಸಾಕ್ಕೆ ತೊಂದರೆಯಾಗುವುದಿಲ್ಲವೇ?” ಪಿಎಚ್‌ಡಿ ದಿನಗಳಲ್ಲಿ ನಾನು ಅಂಥದೊಂದು ಸಂಸ್ಥೆಗೆ ಆಯ್ಕೆಯಾಗಿದ್ದೆ ಎಂಬುದು ಇವರಿಗೆ ಹೇಗೋ ಗೊತ್ತಾಗಿರುತ್ತದೆ. ನೆಂಟರು ಇದೇ ಪ್ರಶ್ನೆಯನ್ನು ಇನ್ನೂ ನೇರವಾಗಿ ಕೇಳುತ್ತಾರೆ: ಓದಲು ಹೋದವಳಿಗೆ ಊರ ಉಸಾಬರಿ ಯಾಕೆ ಬೇಕಿತ್ತು?

ನನ್ನ ಉತ್ತರ: ನಿಲ್ಲಿ. ಆದರೆ ಅಧ್ಯಕ್ಷ ಸ್ಥಾನಕ್ಕೆ ಬೇಡ.

ಗೊತ್ತಿಲ್ಲದವರಿಗಾಗಿ ಎರಡು ಮಾತು. ಅಮೆರಿಕದ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಪದವಿ ತರಗತಿಯ ವಿದ್ಯಾರ್ಥಿಗಳಿಗೆ ಒಂದು ಚುನಾಯಿತ ಸಂಸ್ಥೆ ಇದ್ದರೆ, ಸ್ನಾತಕೋತ್ತರ ಮತ್ತು ಪಿಎಚ್‌ಡಿ ವಿದ್ಯಾರ್ಥಿಗಳಿಗೆ ಅನೇಕ ಕಡೆ ಬೇರೆಯದೇ ಒಂದು ಇರುತ್ತದೆ. ಕೆಲವೆಡೆ ಅದು ಕೌನ್ಸಿಲ್, ಕೆಲವೆಡೆ ಸೆನೆಟ್, ಇನ್ನು ಕೆಲವೆಡೆ ಗವರ್ನ್‌ಮೆಂಟ್. ನಾನು ಪರಿಷತ್ತು ಎಂದು ಕರೆಯುತ್ತೇನೆ. ಸಾಮಾನ್ಯವಾಗಿ ವಿಭಾಗಕ್ಕೆ ಒಬ್ಬಿಬ್ಬರು ಪ್ರತಿನಿಧಿಗಳು, ಮೇಲೆ ಅಧ್ಯಕ್ಷ, ಉಪಾಧ್ಯಕ್ಷ, ಖಜಾಂಚಿ. ಚುನಾವಣೆ ಎಂದ ಕೂಡಲೇ ನಮ್ಮವರ ಕಣ್ಣ ಮುಂದೆ ಬರುವ ಪಕ್ಷದ ಬಾವುಟ, ಘೋಷಣೆ, ಹೊಡೆದಾಟ ಇಲ್ಲಿ ಯಾವುದೂ ಇಲ್ಲ. ಮತ ಹಾಕುವುದು ಆನ್‌ಲೈನಿನಲ್ಲಿ, ಹಾಕುವವರು ಬೆರಳೆಣಿಕೆಯ ಮಂದಿ. ಎಷ್ಟೋ ಸ್ಥಾನಗಳಿಗೆ ಒಬ್ಬರೇ ನಾಮಪತ್ರ ಸಲ್ಲಿಸಿ ಅವಿರೋಧವಾಗಿ ಗೆದ್ದುಬಿಡುತ್ತಾರೆ. ಆದ್ದರಿಂದ ಪ್ರಚಾರದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ನಿಮ್ಮ ಕಟ್ಟಡದ ಲ್ಯಾಬುಗಳಿಗೆ ಹೋಗಿ, ಹೆಸರು ಹೇಳಿ, ಅವರಿಗೆ ಏನು ಕಷ್ಟ ಎಂದು ಕೇಳಿ, ಬರೆದುಕೊಳ್ಳಿ. ಪೋಸ್ಟರಿಗೆ ಸುರಿಯುವ ದುಡ್ಡು ದಂಡ.

ಹಾಗೆಂದು ಭಾರತೀಯರೆಲ್ಲ ಕಣ್ಣು ಮುಚ್ಚಿ ನಿಮಗೇ ಮತ ಹಾಕುತ್ತಾರೆ ಎಂಬ ಲೆಕ್ಕಾಚಾರ ಬೇಡ. ಅಮೆರಿಕದಲ್ಲಿರುವ ವಿದೇಶಿ ವಿದ್ಯಾರ್ಥಿಗಳ ಲೆಕ್ಕ ಕೊಡುವ ಓಪನ್ ಡೋರ್ಸ್ ವಾರ್ಷಿಕ ವರದಿಯ ಪ್ರಕಾರ 2023-24ರಲ್ಲಿ ಅಮೆರಿಕದಲ್ಲಿದ್ದ ಭಾರತೀಯ ವಿದ್ಯಾರ್ಥಿಗಳು 3,31,000ಕ್ಕೂ ಹೆಚ್ಚು; ಅವರಲ್ಲಿ 1,96,000ಕ್ಕೂ ಹೆಚ್ಚು ಮಂದಿ ಸ್ನಾತಕೋತ್ತರ ಮತ್ತು ಪಿಎಚ್‌ಡಿ ಹಂತದವರು. ಸಂಖ್ಯೆ ದೊಡ್ಡದೇ. ಆದರೆ ಎರಡು ವರ್ಷದ ಎಂಎಸ್‌ಗೆ ಬಂದವನ ಚಿಂತೆಯೆಲ್ಲ ಕೆಲಸ ಹುಡುಕುವುದರಲ್ಲಿರುತ್ತದೆ. ಪರಿಷತ್ತಿನ ಇಮೇಲನ್ನು ಅವನು ತೆರೆದು ನೋಡಿದರೆ ಅದೇ ದೊಡ್ಡದು.

ಮತದಾನದ ಮಾತು ಬಂದಾಗ ಒಂದು ಎಚ್ಚರಿಕೆ ಹೇಳದೆ ಮುಂದೆ ಹೋಗಲಾರೆ. ಪರಿಷತ್ತಿನ ಚುನಾವಣೆಯಲ್ಲಿ ವಿದೇಶಿ ವಿದ್ಯಾರ್ಥಿಗಳು ನಿಲ್ಲಬಹುದು, ಮತ ಹಾಕಬಹುದು. ಆದರೆ ಅದೇ ಕ್ಯಾಂಪಸ್ಸಿನಲ್ಲಿ ಟೇಬಲ್ ಹಾಕಿಕೊಂಡು, ನಗುನಗುತ್ತಾ, ದೇಶದ ಚುನಾವಣೆಗೆ ಮತದಾರರ ಪಟ್ಟಿಯಲ್ಲಿ ಹೆಸರು ಬರೆಸಿ ಎನ್ನುವವರೂ ಇರುತ್ತಾರೆ. ಆ ಫಾರಂಗೆ ಸಹಿ ಹಾಕಲೇಬೇಡಿ. ನಾಗರಿಕರಲ್ಲದವರು ನಾಗರಿಕರೆಂದು ಹೇಳಿಕೊಂಡು ಅದನ್ನು ತುಂಬಿದರೆ ದೇಶದಿಂದಲೇ ಹೊರಹಾಕುವಷ್ಟು ದೊಡ್ಡ ತಪ್ಪಾಗುತ್ತದೆ.

ಇನ್ನು ಅಧ್ಯಕ್ಷ ಸ್ಥಾನ ಯಾಕೆ ಬೇಡ ಎಂಬ ವಿಷಯ. ಅಧ್ಯಕ್ಷರ ಕಾಲವೆಲ್ಲ ಕುಲಪತಿಗಳ ಜೊತೆ ಊಟ, ಸ್ವಾಗತ ಭಾಷಣ, ಫೋಟೊ ಇವುಗಳಲ್ಲೇ ಕಳೆಯುತ್ತದೆ. ನಿಜವಾದ ತೀರ್ಮಾನಗಳು ನಡೆಯುವುದು ವಿಶ್ವವಿದ್ಯಾಲಯದ ಸಮಿತಿಗಳಲ್ಲಿ: ಆರೋಗ್ಯ ವಿಮೆ, ವಿದ್ಯಾರ್ಥಿ ಶುಲ್ಕ, ಪಾರ್ಕಿಂಗ್, ವಸತಿ. ಇವುಗಳಲ್ಲಿ ವಿದ್ಯಾರ್ಥಿಗೆಂದು ಮೀಸಲಿಟ್ಟ ಒಂದೆರಡು ಕುರ್ಚಿಗಳಿರುತ್ತವೆ. ಯಾರೂ ಕೂರದೆ ಅವು ಎಷ್ಟೋ ಸಲ ಖಾಲಿ ಬಿದ್ದಿರುತ್ತವೆ.

ವಿಮಾ ಸಮಿತಿಯನ್ನೇ ತೆಗೆದುಕೊಳ್ಳಿ. ವಿದ್ಯಾರ್ಥಿ ವಿಮೆಯ ವರ್ಷ ಸಾಮಾನ್ಯವಾಗಿ ಆಗಸ್ಟ್‌ನಲ್ಲಿ ಶುರುವಾಗುತ್ತದೆ. ಕಂತು ಏರಿದೆ ಎಂಬ ಇಮೇಲ್ ನಮಗೆ ತಲುಪುವುದು ಬೇಸಿಗೆಯಲ್ಲಿ; ಕೂಗಾಟ ಎದ್ದೇಳುವುದು ಸೆಪ್ಟೆಂಬರಿನಲ್ಲಿ. ಆದರೆ ಕಂಪನಿಯ ಜೊತೆ ಮಾತುಕತೆ ಮುಗಿದು ದರ ನಿಗದಿಯಾಗುವುದು ಅದಕ್ಕೂ ಎಷ್ಟೋ ಮೊದಲು, ಚಳಿಗಾಲದಿಂದ ವಸಂತದೊಳಗೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದೆಂದರೆ ಇದೇ. ಇನ್ನೊಂದು ವಿಚಿತ್ರ ನೋಡಿ: ಪರಿಷತ್ತಿನ ಚುನಾವಣೆ ಮಾರ್ಚ್ ಏಪ್ರಿಲಿನಲ್ಲಿ, ಅಧಿಕಾರ ಬರುವುದು ಮೇ ಅಥವಾ ಜೂನಿನಲ್ಲಿ. “ವಿಮೆಯ ಕಂತು ಇಳಿಸುತ್ತೇನೆ” ಎಂದು ಗೆದ್ದು ಬಂದವರು ಕುರ್ಚಿಯಲ್ಲಿ ಕೂರುವ ಹೊತ್ತಿಗೆ ಆ ವರ್ಷದ ದರ ಆಗಲೇ ಗೊತ್ತಾಗಿರುತ್ತದೆ. ಅವರು ದುಡಿದು ಏನಾದರೂ ಸಾಧಿಸಿದರೆ ಅದರ ಫಲ ಕಾಣುವುದು ಅವರ ಅವಧಿ ಮುಗಿದ ಮೇಲೆ. ಪ್ರಣಾಳಿಕೆ ಬರೆಯುವ ಮುನ್ನ ಈ ಕ್ಯಾಲೆಂಡರನ್ನು ಗೋಡೆಗೆ ಅಂಟಿಸಿಕೊಳ್ಳಿ.

ನಾನು ಕೂತಿದ್ದ ಸಮಿತಿಯಲ್ಲಿ ಒಮ್ಮೆ ಒಂದು ಹಾಳೆ ಹಂಚಿದರು. ವಿದ್ಯಾರ್ಥಿಗಳ ಕಂತು ಹೆಚ್ಚು ಏರದಂತೆ ನೋಡಿಕೊಳ್ಳಲು, ಅವಲಂಬಿತರ, ಅಂದರೆ ಗಂಡ, ಹೆಂಡತಿ, ಮಕ್ಕಳ ಕಂತನ್ನು ಏರಿಸುವ ಪ್ರಸ್ತಾವ. ಮೇಜಿನ ಸುತ್ತ ತಲೆಗಳು ಆಡಿದವು. ಯಾಕಾಡಬಾರದು? ಅಲ್ಲಿದ್ದ ಸಿಬ್ಬಂದಿಯ ಮನೆಯವರಿಗೆ ಬೇರೆ ಒಳ್ಳೆಯ ವಿಮೆ ಇತ್ತು; ಬಂದಿದ್ದ ಇನ್ನೊಬ್ಬ ವಿದ್ಯಾರ್ಥಿಗೆ ಮದುವೆಯಾಗಿರಲಿಲ್ಲ. ಆದರೆ ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿ ಬಂದವರ ಸಂಗಾತಿ ಇರುವುದು ಎಫ್-2 ಎಂಬ ಅವಲಂಬಿತರ ವೀಸಾದಲ್ಲಿ, ಎಫ್-2ರವರು ಕೆಲಸ ಮಾಡುವಂತಿಲ್ಲ. ಒಂದೇ ಸ್ಟೈಪೆಂಡಿನಲ್ಲಿ ಮನೆ ನಡೆಸುವ ಆ ಸಂಸಾರಗಳಿಗೆ ಗಂಡನ ಅಥವಾ ಹೆಂಡತಿಯ ಕಚೇರಿಯಿಂದ ವಿಮೆ ಸಿಗುವ ದಾರಿಯೇ ಇಲ್ಲ. ನಾನು ಕೇಳಿದ್ದು ಎರಡೇ ಪ್ರಶ್ನೆ. ಈ ಯೋಜನೆಯಲ್ಲಿ ಎಷ್ಟು ಕುಟುಂಬಗಳಿವೆ? ಕಂತು ಏರಿದರೆ ಅವುಗಳಲ್ಲಿ ಯಾವುವು ಬಿಟ್ಟುಹೋಗುತ್ತವೆ? ಬಿಟ್ಟುಹೋಗುವವರು ಆರೋಗ್ಯವಾಗಿರುವವರು, ಉಳಿಯುವವರು ಬಸುರಿಯರು, ಕಾಯಿಲೆಯಿರುವವರು. ಆಗ ಖರ್ಚು ಹೆಚ್ಚಿ ಮುಂದಿನ ವರ್ಷ ಕಂತು ಮತ್ತೆ ಏರುತ್ತದೆ. ವಿಮೆಯ ಲೆಕ್ಕ ಬಲ್ಲವರಿಗೆ ಇದು ಹೊಸದೇನಲ್ಲ, ಆದರೆ ಆ ಕೋಣೆಯಲ್ಲಿ ಅದನ್ನು ಯಾರಾದರೂ ಬಾಯಿ ಬಿಟ್ಟು ಹೇಳಬೇಕಿತ್ತು. ಪ್ರಸ್ತಾವ ಬಿದ್ದುಹೋಗಲಿಲ್ಲ, ಏರಿಕೆ ಅರ್ಧಕ್ಕೆ ಇಳಿಯಿತು. ಅಷ್ಟೇ. ನೀವು ನಿಂತು ಗೆದ್ದರೆ ನಿಮಗೂ ದಕ್ಕುವುದು ಬಹುಮಟ್ಟಿಗೆ ಇಂಥ ಅರ್ಧ ಗೆಲುವುಗಳೇ. ಇದು ಸಾಲದು ಎನ್ನುವವರು ನಿಲ್ಲದಿರುವುದೇ ಮೇಲು.

ಹಣ ಹಂಚುವ ಕೆಲಸದ ಬಗ್ಗೆಯೂ ಹೇಳಬೇಕು. ನಾವು ಕಟ್ಟುವ ಶುಲ್ಕದ ಒಂದು ಪಾಲು ಪರಿಷತ್ತಿಗೆ ಬರುತ್ತದೆ. ಸಮ್ಮೇಳನಕ್ಕೆ ಹೋಗುವವರ ಪ್ರಯಾಣ ವೆಚ್ಚ, ವಿದ್ಯಾರ್ಥಿ ಸಂಘಗಳ ಕಾರ್ಯಕ್ರಮ ಎಲ್ಲಕ್ಕೂ ಅದರಿಂದಲೇ ಕೊಡಬೇಕು. ಖಜಾಂಚಿಯ ಸಮಿತಿಗೆ ಬಂದರೆ ಮೊದಲು ಬರುವ ಫೋನ್ ನಮ್ಮವರದೇ: “ಅಕ್ಕ, ಈ ಸಲ ದೀಪಾವಳಿಗೆ ಸ್ವಲ್ಪ ಜಾಸ್ತಿ ಕೊಡಿಸಿ.” ನೀವು ಆ ಸಂಘದ ಪದಾಧಿಕಾರಿಯಾಗಿದ್ದರೆ ಆ ಅರ್ಜಿ ಬಂದಾಗ ಚರ್ಚೆಯಿಂದ ಹೊರಗುಳಿಯಬೇಕು, ಮುನಿಸಿಗೆ ಹೆದರಬಾರದು. ಇದಕ್ಕಿಂತ ಕಷ್ಟದ್ದು ನಿಮಗೆ ಕಂಡರಾಗದ ವಿಚಾರ ಹೇಳುವ ಗುಂಪು ಹಣ ಕೇಳಿದಾಗ. ಈ ಬಗ್ಗೆ ಅಮೆರಿಕದ ಸುಪ್ರೀಂ ಕೋರ್ಟ್ 2000ದಲ್ಲಿ, ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸೌತ್‌ವರ್ತ್ ಪ್ರಕರಣದಲ್ಲಿ, ಸ್ಪಷ್ಟವಾಗಿ ಹೇಳಿದೆ: ಸಾರ್ವಜನಿಕ ವಿಶ್ವವಿದ್ಯಾಲಯ ಕಡ್ಡಾಯ ಶುಲ್ಕ ವಸೂಲು ಮಾಡಿ ವಿದ್ಯಾರ್ಥಿ ಗುಂಪುಗಳಿಗೆ ಹಂಚಬಹುದು, ಆದರೆ ಯಾರ ಅಭಿಪ್ರಾಯ ಏನು ಎಂದು ನೋಡಿ ಹಂಚುವಂತಿಲ್ಲ. ಅಂದರೆ ನೀವು ಕೇಳಬಹುದಾದದ್ದು ಎಷ್ಟು ಜನ ಬರುತ್ತಾರೆ, ಸಭಾಂಗಣದ ಬಾಡಿಗೆ ಎಷ್ಟು, ಊಟದ ಬಿಲ್ ಯಾಕೆ ಇಷ್ಟು ಎಂಬುದನ್ನು ಮಾತ್ರ. ಬರುವ ಭಾಷಣಕಾರ ಏನು ಮಾತನಾಡುತ್ತಾನೆ ಎಂಬುದನ್ನಲ್ಲ. ನನಗೆ ಇಷ್ಟವಿಲ್ಲದ ಗುಂಪಿಗೆ ಕೈಯೆತ್ತಿ ಹಣ ಕೊಡಿಸಿದ್ದೇನೆ. ಹೊಟ್ಟೆ ಉರಿಯಿತು, ಆದರೂ ಆ ನಿಯಮ ಸರಿ ಎಂದೇ ನನ್ನ ಅಭಿಪ್ರಾಯ. ನಾಳೆ ನನಗೆ ಇಷ್ಟವಾದ ಗುಂಪನ್ನು ಕಾಯುವುದೂ ಅದೇ.

ಸಭೆ ನಡೆಯುವುದು ರಾಬರ್ಟ್ಸ್ ರೂಲ್ಸ್ ಪ್ರಕಾರ. ಹೆನ್ರಿ ಮಾರ್ಟಿನ್ ರಾಬರ್ಟ್ ಎಂಬ ಸೇನೆಯ ಎಂಜಿನಿಯರ್ 1876ರಲ್ಲಿ ಪ್ರಕಟಿಸಿದ ನಿಯಮಾವಳಿ ಅದು. ಸೂಚನೆ, ಅನುಮೋದನೆ, ತಿದ್ದುಪಡಿ, ಮತ. ಮೊದಮೊದಲು ನಾಟಕದಂತೆ ಕಾಣುತ್ತದೆ. ನಿರ್ಣಯದಲ್ಲಿ “ಒತ್ತಾಯಿಸುತ್ತದೆ” ಎಂದಿರಬೇಕೋ “ವಿನಂತಿಸುತ್ತದೆ” ಎಂದಿರಬೇಕೋ ಎಂದು ಮುಕ್ಕಾಲು ಗಂಟೆ ಕಾದಾಡಿ, ಅಷ್ಟರಲ್ಲಿ ಅರ್ಧ ಜನ ಎದ್ದುಹೋಗಿ, ಕೋರಂ ಇಲ್ಲದೆ ಮತಕ್ಕೇ ಹಾಕಲಾಗದ ಸಂಜೆಗಳೂ ಇರುತ್ತವೆ. ಆದರೂ ಈ ನಿಯಮಗಳನ್ನು ಕಲಿಯಿರಿ, ಪರಿಷತ್ತಿನ ಬೈಲಾವನ್ನು ಪೂರ್ತಿ ಓದಿ. ಇಂಗ್ಲಿಷಿನಲ್ಲಿ ಪಟಪಟನೆ ಮಾತನಾಡುವವರ ಮುಂದೆ ನಾವು ಸುಮ್ಮನಾಗುವ ಜನ. ತಿದ್ದುಪಡಿಯನ್ನು ಯಾವಾಗ, ಹೇಗೆ ಮಂಡಿಸಬೇಕು ಎಂದು ಬಲ್ಲವರಿಗೆ ಆ ವಾಕ್ಚಾತುರ್ಯ ಬೇಕಿಲ್ಲ. ನಡಾವಳಿ ಬರೆಯುವ ಕೆಲಸ ಯಾರಿಗೂ ಬೇಡವಾದರೆ ನೀವೇ ತೆಗೆದುಕೊಳ್ಳಿ. ವಿದ್ಯಾರ್ಥಿಗಳು ಬರುತ್ತಾರೆ, ಹೋಗುತ್ತಾರೆ. ಆಡಳಿತದವರು ಇಪ್ಪತ್ತು ವರ್ಷ ಅಲ್ಲೇ ಇರುತ್ತಾರೆ. “ಹಾಗೆ ಒಪ್ಪಿದ್ದು ನೆನಪಿಲ್ಲವಲ್ಲ” ಎಂದು ಅವರು ಅಂದಾಗ ತೆಗೆದು ತೋರಿಸಲು ಒಂದು ಕಾಗದ ಬೇಕು.

ಪರಿಷತ್ತಿಗೆ ಎಷ್ಟು ಬಲವಿದೆ ಎಂಬುದರಲ್ಲಿ ಭ್ರಮೆ ಬೇಡ. ಸ್ಟೈಪೆಂಡಿನ ಬಗ್ಗೆ ಚೌಕಾಸಿ ಮಾಡುವ ಕಾನೂನಿನ ಬಲ ಅದಕ್ಕಿಲ್ಲ, ಅದು ಕಾರ್ಮಿಕ ಸಂಘದ ಕೆಲಸ. 2022ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸುಮಾರು 48,000 ಮಂದಿ ಮುಷ್ಕರ ಹೂಡಿ ವೇತನ ಏರಿಸಿಕೊಂಡದ್ದು ಸಂಘದ ಮೂಲಕ. 2020ರ ಜುಲೈ 6ರಂದು, ತರಗತಿಗಳೆಲ್ಲ ಆನ್‌ಲೈನ್ ಆದರೆ ವಿದೇಶಿ ವಿದ್ಯಾರ್ಥಿಗಳು ದೇಶ ಬಿಡಬೇಕು ಎಂಬ ಆದೇಶ ಬಂದಾಗ ನ್ಯಾಯಾಲಯಕ್ಕೆ ಮೊದಲು ಓಡಿದ್ದು ಹಾರ್ವರ್ಡ್ ಮತ್ತು ಎಂಐಟಿ. ಸರ್ಕಾರ ಅದನ್ನು ಜುಲೈ 14ಕ್ಕೆ ಹಿಂತೆಗೆದುಕೊಂಡಿತು. ಆದರೆ 2017ರ ತೆರಿಗೆ ಮಸೂದೆಯ ಕಥೆ ಬೇರೆ. ಅಮೆರಿಕ ಸಂಸತ್ತಿನ ಕೆಳಮನೆ ಒಪ್ಪಿದ್ದ ರೂಪದಲ್ಲಿ, ನಮಗೆ ಮನ್ನಾ ಆಗುವ ಬೋಧನಾ ಶುಲ್ಕವನ್ನೂ ಆದಾಯವೆಂದೇ ಎಣಿಸಿ ತೆರಿಗೆ ಹಾಕುವ ಅವಕಾಶವಿತ್ತು. ಕೈಗೆ ಬಾರದ ಹಣಕ್ಕೆ ತೆರಿಗೆ! ದೇಶದಾದ್ಯಂತ ಪಿಎಚ್‌ಡಿ ವಿದ್ಯಾರ್ಥಿಗಳು ಬೀದಿಗಿಳಿದರು, ಸಂಸದರ ಕಚೇರಿಗಳಿಗೆ ಫೋನ್ ಮೇಲೆ ಫೋನ್ ಮಾಡಿದರು. ಡಿಸೆಂಬರ್ 22ರಂದು ಸಹಿಯಾದ ಕಾಯ್ದೆಯಲ್ಲಿ ಆ ಅಂಶ ಇರಲಿಲ್ಲ. ಅಂಥ ಹೊತ್ತಿನಲ್ಲಿ ಎಲ್ಲ ವಿಭಾಗಗಳಿಗೂ ಒಂದೇ ದಿನದಲ್ಲಿ ಸುದ್ದಿ ಮುಟ್ಟಿಸುವ ವ್ಯವಸ್ಥೆ ಮೊದಲೇ ಇರಬೇಕು. ಪರಿಷತ್ತು ಆ ಕೆಲಸಕ್ಕೆ ಒದಗುತ್ತದೆ.

ಗೈಡ್ ಮತ್ತು ವೀಸಾದ ಪ್ರಶ್ನೆಗೆ ಚಿಕ್ಕ ಉತ್ತರ. ಗೈಡಿಗೆ ನಾಮಪತ್ರ ಸಲ್ಲಿಸುವ ಮೊದಲೇ ಹೇಳಿ, ಗೆದ್ದ ಮೇಲಲ್ಲ. ವಾರಕ್ಕೆ ಎಷ್ಟು ಗಂಟೆ ಹೋಗುತ್ತದೆ, ಯಾವ ಸಂಜೆ ಸಭೆ ಎಂದು ಬಿಡಿಸಿ ತಿಳಿಸಿದರೆ ಬಹುತೇಕರು ಹೂಂ ಎನ್ನುತ್ತಾರೆ. ಪಿಎಚ್‌ಡಿ ಮುಂದುವರಿಸಲು ಪಾಸಾಗಲೇಬೇಕಾದ ಕ್ವಾಲಿಫೈಯಿಂಗ್ ಪರೀಕ್ಷೆಯ ವರ್ಷ ಮಾತ್ರ ಬೇಡವೇ ಬೇಡ. ವೀಸಾದ ವಿಷಯದಲ್ಲಿ, ಗೌರವ ಹುದ್ದೆಯಾದರೆ ತೊಂದರೆಯಿಲ್ಲ. ಹುದ್ದೆಗೆ ಹಣ ಕೊಡುವುದಾದರೆ ನೋಡಿಕೊಳ್ಳಿ: ಎಫ್-1ನಲ್ಲಿ ತರಗತಿಗಳು ನಡೆಯುವಾಗ ಕ್ಯಾಂಪಸ್ ಕೆಲಸ ವಾರಕ್ಕೆ 20 ಗಂಟೆ ಮೀರುವಂತಿಲ್ಲ, ಮತ್ತು ಬೋಧನೆಗೋ ಸಂಶೋಧನೆಗೋ ನೆರವಾಗಿ ಸ್ಟೈಪೆಂಡ್ ಪಡೆಯುವ ಪೂರ್ಣ ಅಸಿಸ್ಟಂಟ್‌ಶಿಪ್ ಅನೇಕ ಕಡೆ ಆ 20 ಗಂಟೆಯನ್ನು ತಾನೇ ನುಂಗಿರುತ್ತದೆ. ಆ ಹಣ ಕೂಲಿಯ ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಎಂದು ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯಿಂದ ಇಮೇಲಿನಲ್ಲೇ ಉತ್ತರ ಪಡೆಯಿರಿ. ಬಾಯಿಮಾತು ಸಾಲದು.

ರೆಸ್ಯೂಮೆಯಲ್ಲಿ ಒಂದು ಸಾಲು ಸಿಗುತ್ತದಲ್ಲ ಎನ್ನುವವರಿಗೆ: ಸಿಗುತ್ತದೆ. ಆ ಸಾಲನ್ನು ಯಾರೂ ಎರಡನೇ ಸಲ ಓದುವುದಿಲ್ಲ.

ಸೋತರೆ? ಸೋತರೂ ಏನೂ ಕೆಡುವುದಿಲ್ಲ. ಫಲಿತಾಂಶ ಬಂದ ವಾರದಲ್ಲೇ ಗೆದ್ದ ಅಧ್ಯಕ್ಷರಿಗೆ ಒಂದು ಇಮೇಲ್ ಬರೆಯಿರಿ: ವಿಮಾ ಸಮಿತಿಯಲ್ಲೋ ಶುಲ್ಕ ಸಮಿತಿಯಲ್ಲೋ ಖಾಲಿ ಇರುವ ವಿದ್ಯಾರ್ಥಿ ಸ್ಥಾನಕ್ಕೆ ನನ್ನನ್ನು ನೇಮಿಸಿ ಎಂದು. ಆ ಕುರ್ಚಿಗಳಿಗೆ ಜನ ಸಿಗದೆ ಅವರು ಆಗಲೇ ಪರದಾಡುತ್ತಿರುತ್ತಾರೆ, ಮರುದಿನವೇ ಉತ್ತರ ಬಂದರೂ ಆಶ್ಚರ್ಯವಿಲ್ಲ.