ಎಷ್ಟನೇ ಪುಟ?

ಹಾಸ್ಟೆಲ್‌ನಲ್ಲಿ ನಮ್ಮನ್ನು ಹೆಸರು ಹಿಡಿದು ಯಾರೂ ಕರೆಯುತ್ತಿರಲಿಲ್ಲ. ಊರಿನ ಹೆಸರೇ ನಮ್ಮ ಹೆಸರು. ನಾನು ಚಳ್ಳಕೆರೆ. ನನ್ನ ರೂಮಿನವನು ತೀರ್ಥಹಳ್ಳಿ. ಎದುರು ರೂಮಿನ ಬಿ.ಎಸ್ಸಿ. ಹುಡುಗ ದಾವಣಗೆರೆ. ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದ ನಮ್ಮ ಕ್ಲಾಸಿನ ಹುಡುಗಿ ಭದ್ರಾವತಿ. ಶಿವಮೊಗ್ಗದಲ್ಲಿ ನಾನು ಓದಿದ್ದು 1995ರಿಂದ 1998ರವರೆಗೆ. ಆ ಮೂರು ವರ್ಷ ಸಂಜೆ ನಾಲ್ಕಾದರೆ ನಾವು ನಾಲ್ವರೂ ಲೈಬ್ರರಿ ಜಗಲಿಯಲ್ಲಿ ಸೇರುತ್ತಿದ್ದೆವು. ಭದ್ರಾವತಿಯ ಬಸ್ಸು ಐದೂಕಾಲಿಗೆ. ಅಲ್ಲಿಯವರೆಗೆ ಮಾತು.

ಕೂತ ಕೂಡಲೇ ಒಬ್ಬರು ಇನ್ನೊಬ್ಬರನ್ನು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ. ‘ಎಷ್ಟನೇ ಪುಟ?’

ಓದಿ ಮುಗಿಸಿದ ಕಾದಂಬರಿ ಬಗ್ಗೆ ಮಾತಾಡುವ ಹಾಗಿರಲಿಲ್ಲ. ಈಗ ಕೈಯಲ್ಲಿರುವುದರ ಬಗ್ಗೆ ಮಾತ್ರ ಹೇಳಬೇಕು. ಈ ನಿಯಮ ತಂದವಳು ಭದ್ರಾವತಿ. ಪುಸ್ತಕ ಮುಗಿಸಿದವರು ಪರೀಕ್ಷೆಗೆ ಉತ್ತರ ಬರೆದ ಹಾಗೆ ಮಾತಾಡುತ್ತಾರೆ, ನಡುವೆ ಇರುವವರಿಗೆ ಇನ್ನೂ ಅನುಮಾನ ಇರುತ್ತೆ, ಆ ಅನುಮಾನ ಕೇಳೋಕೆ ಚಂದ ಅನ್ನುತ್ತಿದ್ದಳು. ಎರಡನೇ ನಿಯಮ ತೀರ್ಥಹಳ್ಳಿಯದು. ಮೊದಲೇ ಓದಿದವರು ಮುಂದೆ ಏನಾಗುತ್ತೆ ಅಂತ ಬಾಯಿ ಬಿಡಬಾರದು. ಮುಖದಲ್ಲೂ ತೋರಿಸಬಾರದು.

ನನಗೆ ಮೊದಲ ವರ್ಷ ಕೈಗೆ ಸಿಕ್ಕಿದ್ದು ‘ಮಲೆಗಳಲ್ಲಿ ಮದುಮಗಳು’. ಕುವೆಂಪು ತೀರಿಕೊಂಡು ಆಗಿನ್ನೂ ವರ್ಷ ಆಗಿತ್ತಷ್ಟೆ. ಲೈಬ್ರರಿಯಲ್ಲಿ ಒಂದು ಪುಸ್ತಕಕ್ಕೆ ಹದಿನೈದು ದಿನ ಅವಧಿ. ಅದನ್ನು ನಾನು ಆರು ಸಲ ಮತ್ತೆ ಬರೆಸಿಕೊಂಡೆ. ಬಯಲುಸೀಮೆಯವನು ನಾನು. ನಮ್ಮೂರಲ್ಲಿ ಮಳೆ ಅಂದರೆ ಮುಗಿಲು ನೋಡುತ್ತಾ ಕಾಯುವ ವಸ್ತು. ಪುಸ್ತಕದಲ್ಲಿ ನೋಡಿದರೆ ಮಳೆ ನಿಲ್ಲುವುದೇ ಇಲ್ಲ. ಕಾಡು ಮುಗಿಯುವುದಿಲ್ಲ. ಸಿಂಬಾವಿ, ಕೋಣೂರು, ಬೆಟ್ಟಳ್ಳಿ, ಹೂವಳ್ಳಿ, ಹಳೆಮನೆ ಅಂತ ಮನೆಗಳು, ಒಂದೊಂದು ಮನೆಯಲ್ಲೂ ಹತ್ತಾರು ಜನ. ಅರವತ್ತನೇ ಪುಟಕ್ಕೇ ನಾನು ಕೈಚೆಲ್ಲಿದೆ. ‘ಇದಕ್ಕೆ ಹೀರೋ ಯಾರು ಅನ್ನೋದೇ ತಿಳೀತಿಲ್ಲ. ನನ್ನ ಕೈಲಿ ಆಗಲ್ಲ’ ಅಂದೆ.

ತೀರ್ಥಹಳ್ಳಿ ವಾದ ಮಾಡಲಿಲ್ಲ. ಪುಸ್ತಕ ಇಸಕೊಂಡು ಮೊದಲ ಪುಟಗಳನ್ನು ತಿರುವಿದ. ‘ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ’ ಅನ್ನುವ ಸಾಲಿನ ಮೇಲೆ ಬೆರಳಿಟ್ಟು ನನ್ನ ಕಡೆ ನೋಡಿದ. ಆಮೇಲೆ ನನ್ನ ನೋಟ್‌ಬುಕ್ಕಿನ ಕೊನೇ ಹಾಳೆಯಲ್ಲಿ ಪೆನ್ಸಿಲ್‌ನಿಂದ ಒಂದು ನಕ್ಷೆ ಬರೆದ. ಮನೆಗಳಿಗೆ ಚೌಕ, ಕಾಡಿಗೆ ಗೆರೆಗೆರೆ, ತುಂಗೆಗೆ ಒಂದು ಉದ್ದನೆಯ ಬಳುಕು. ‘ನಿಂಗೆ ಜನ ನೆನಪಿರದಿದ್ರೆ ಬೇಡ ಮಾರಾಯ. ನಾಯಿಗುತ್ತಿ ಹಿಂದೆ ಅವನ ನಾಯಿ ಹುಲಿಯ ಹೋಗ್ತಾ ಇರ್ತದಲ್ಲ, ನೀನು ಅದರ ಹಿಂದೆ ಹೋಗು. ಅದು ಎಲ್ಲಾ ಕಡೆ ಕರ್ಕೊಂಡು ಹೋಗ್ತದೆ.’

ಹೋದೆ. ನಾಯಿಯ ಹಿಂದೆ ಹೋಗುತ್ತಾ ಹೋಗುತ್ತಾ ದಾರಿ ತಿಳಿಯಿತು. ಇನ್ನೂರನೇ ಪುಟದ ಹೊತ್ತಿಗೆ ನಕ್ಷೆ ನೋಡುವುದು ಬಿಟ್ಟೆ. ಐತನ ಪಿಂಚಲು ಯಾರು, ಗುತ್ತಿಯ ತಿಮ್ಮಿ ಯಾರು ಅಂತ ಯಾರನ್ನೂ ಕೇಳಬೇಕಿರಲಿಲ್ಲ. ದಿನಾ ಸಂಜೆ ಜಗಲಿಯಲ್ಲಿ ಹುಲಿಯನ ಸುದ್ದಿ ಹೇಳುವುದು ನನ್ನ ಪಾಲಿನ ಕೆಲಸ ಆಯಿತು. ಎಲ್ಲರೂ ಕೇಳುತ್ತಿದ್ದರು. ತೀರ್ಥಹಳ್ಳಿ ಮಾತ್ರ ತಲೆ ಬಗ್ಗಿಸಿ ಚಪ್ಪಲಿ ನೋಡುತ್ತಾ ಕೂರುತ್ತಿದ್ದ.

ಕೊನೆಯ ಪುಟಗಳನ್ನು ಓದಿದ್ದು ಊರಲ್ಲಿ, ಏಪ್ರಿಲ್ ರಜೆಯಲ್ಲಿ. ಹೊರಗೆ ಉರಿಬಿಸಿಲು. ಕೆರೆ ಒಣಗಿ ಬಿರುಕು ಬಿಟ್ಟಿತ್ತು. ಪುಸ್ತಕದಲ್ಲಿ ತುಂಗೆ ತುಂಬಿ ಹರಿಯುತ್ತಿತ್ತು. ಅಲ್ಲಿ ಏನಾಯಿತು ಅಂತ ಓದಿದವರಿಗೆ ಗೊತ್ತು. ಓದದವರಿಗೆ ನಾನು ಈಗಲೂ ಹೇಳುವುದಿಲ್ಲ. ಆವತ್ತು ಮಧ್ಯಾಹ್ನ ನಾನು ಊಟ ಮಾಡಲಿಲ್ಲ. ಅವ್ವ ಬಂದು ಹಣೆ ಮುಟ್ಟಿ ನೋಡಿದಳು. ಜೂನ್‌ನಲ್ಲಿ ಹಾಸ್ಟೆಲ್‌ಗೆ ಬಂದವನೇ ಟ್ರಂಕು ಇಳಿಸುವ ಮೊದಲೇ ‘ಗೊತ್ತಿದ್ದೂ ನನ್ನ ಅದರ ಹಿಂದೆ ಕಳಿಸಿದೆಯಲ್ಲೋ’ ಅಂತ ತೀರ್ಥಹಳ್ಳಿಯನ್ನು ಹಿಡಿದುಕೊಂಡೆ. ‘ನಂಗೂ ನಮ್ಮಣ್ಣ ಹಾಗೇ ಮಾಡಿದ್ದ’ ಅಂದ. ಅವನ ಕಣ್ಣಲ್ಲೂ ನೀರಿತ್ತು.

ಭದ್ರಾವತಿ ಜಾಸ್ತಿ ಮಾತಾಡುತ್ತಿರಲಿಲ್ಲ. ಅವಳು ‘ಚಂದ್ರಗಿರಿಯ ತೀರದಲ್ಲಿ’ ಓದುತ್ತಿದ್ದ ವಾರ ಇನ್ನೂ ಕಡಿಮೆ ಮಾಡಿದಳು. ಸಾರಾ ಅಬೂಬಕ್ಕರ್ ಅವರದು ಚಿಕ್ಕ ಪುಸ್ತಕ, ಒಂದು ರಾತ್ರಿಗೆ ಮುಗಿಯುತ್ತೆ. ಅವಳು ದಿನಕ್ಕೆ ಹತ್ತು ಪುಟ ಓದುತ್ತಿದ್ದಳು. ನಾದಿರಾಳನ್ನು ಅಪ್ಪ ಮನೆಗೆ ಕರೆತಂದು ಗಂಡನಿಂದ ಬಿಡಿಸುವ ಭಾಗ ಹೇಳಿದಾಗ ನಾವು ಮೂವರು ಹುಡುಗರು ಒಂದೊಂದು ಅಭಿಪ್ರಾಯ ಕೊಟ್ಟೆವು. ಅವರ ಸಮುದಾಯದಲ್ಲಿ ಹೀಗೆ, ಹಾಗೆ ಅಂದೆವು. ಅವಳು ಗಂಡನ ಹತ್ತಿರ ಸುಮ್ನೆ ಎದ್ದು ಹೋಗಬಹುದಿತ್ತಲ್ಲ ಅಂದವನು ನಾನೇ.

ಅವಳು ಸ್ವಲ್ಪ ಹೊತ್ತು ಬಿಟ್ಟು ಹೇಳಿದಳು. ‘ನಾದಿರಾಗೆ ನಡುವೆ ಒಂದು ನದಿ ಇತ್ತು. ನಮ್ಮಮ್ಮನಿಗೆ ನದಿ ಇರಲಿಲ್ಲ, ಗಂಟೆಗೊಂದು ಬಸ್ಸಿತ್ತು. ಆದ್ರೂ ಹೋಗೋಕೆ ಆಗಲಿಲ್ಲ.’

ಅದಕ್ಕಿಂತ ಜಾಸ್ತಿ ಅವಳು ಏನೂ ಹೇಳಲಿಲ್ಲ. ನಾವೂ ಕೇಳಲಿಲ್ಲ. ‘ಅವರ ಸಮುದಾಯದಲ್ಲಿ’ ಅನ್ನುವ ಮಾತು ಮಾತ್ರ ಆ ಜಗಲಿಯಲ್ಲಿ ಮತ್ತೆ ಯಾರ ಬಾಯಲ್ಲೂ ಬರಲಿಲ್ಲ.

ಇನ್ನು ದಾವಣಗೆರೆ. ಅವನಿಗೆ ಕಾದಂಬರಿ ಅಂದರೆ ಅಷ್ಟಕ್ಕಷ್ಟೆ. ಪ್ರಾಣಿಶಾಸ್ತ್ರ ಓದುತ್ತಿದ್ದಾನೆ ಅಂತ ನಾವೇ ಒತ್ತಾಯ ಮಾಡಿ ತೇಜಸ್ವಿಯವರ ‘ಕರ್ವಾಲೋ’ ಕೊಟ್ಟಿದ್ದೆವು. ಅರ್ಧಕ್ಕೆ ಬಂದು ಅವನು ಹೇಳಿದ ಅಭಿಪ್ರಾಯ ಇದು. ‘ಒಂದು ಓತಿಕ್ಯಾತ ಹುಡುಕಾಕೆ ಇಷ್ಟೆಲ್ಲಾ ಯಾಕಪಾ? ಮಂದಣ್ಣನ ಮದುವಿ, ಜೇನು, ನಾಯಿ... ಸೀದಾ ಓತಿಗೇ ಬರಬಾರದಾ? ಅಷ್ಟಕ್ಕೂ ಹಾರೋ ಓತಿ ಅಂತ ಐತೇನು?’

‘ನಮ್ಮ ತೋಟದಾಗೇ ಅದೆ’ ಅಂದ ತೀರ್ಥಹಳ್ಳಿ.

ದಾವಣಗೆರೆ ನಂಬಲಿಲ್ಲ. ಆ ದಸರಾ ರಜೆಯಲ್ಲಿ ನಾವು ಮೂವರೂ ತೀರ್ಥಹಳ್ಳಿಯ ಮನೆಗೆ ಹೋದೆವು. ಬೆಳಿಗ್ಗೆ ಎಂಟಕ್ಕೆ ಅಡಿಕೆ ತೋಟದಲ್ಲಿ ಕುತ್ತಿಗೆ ಎತ್ತಿ ನಿಂತೆವು. ಹತ್ತಾಯಿತು. ಕಾಲಿಗೆ ಉಂಬಳ ಹತ್ತಿದವು. ತೋಟದ ಕೆಲಸದ ಹಿರಿಯರೊಬ್ಬರು ನಮ್ಮನ್ನು ನೋಡಿ, ಕತ್ತಿ ಕೆಳಗಿಟ್ಟು, ಉಂಬಳಕ್ಕೆ ಸುಣ್ಣ ಹಚ್ಚಿ ಕೊಟ್ಟು, ಅಲ್ಲೇ ಕೂತು ಮಾತಿಗೆ ಶುರು ಮಾಡಿದರು. ಯಾವ ವರ್ಷ ಕೊಳೆರೋಗ ಬಂದು ತೋಟ ಬರಿದಾಯಿತು, ಯಾವ ಮರಕ್ಕೆ ಯಾರು ಹತ್ತಿ ಬಿದ್ದರು, ಎಲ್ಲಾ ಹೇಳಿದರು. ದಾವಣಗೆರೆ ಮೇಲೆ ನೋಡುತ್ತಲೇ ಕೇಳಿಸಿಕೊಳ್ಳುತ್ತಿದ್ದ.

ಹನ್ನೊಂದರ ಹೊತ್ತಿಗೆ ಅಡಿಕೆ ಮರದ ಮೇಲಿನ ಬಿಳೀ ಕಲೆಯೊಂದು ಅಲುಗಿತು. ಕಲೆ ಅಂದುಕೊಂಡದ್ದು ಓತಿ. ಗಂಟಲಿನ ಕೆಳಗೆ ಹಳದಿ ಚರ್ಮವೊಂದು ನಾಲಗೆಯ ಹಾಗೆ ಹೊರಗೆ ಚಾಚಿ ಒಳಗೆ ಹೋಯಿತು. ಮತ್ತೆ ಚಾಚಿತು. ನಾವು ಉಸಿರು ಬಿಡಲಿಲ್ಲ. ಇದ್ದಕ್ಕಿದ್ದ ಹಾಗೆ ಅದು ಮರ ಬಿಟ್ಟಿತು. ಪಕ್ಕೆಯ ಚರ್ಮ ಎರಡೂ ಕಡೆ ಕೊಡೆ ಬಿಚ್ಚಿದ ಹಾಗೆ ಬಿಚ್ಚಿಕೊಂಡಿತು. ತೇಲುತ್ತಾ ಬಂದು ನಮ್ಮೆದುರಿನ ಮರದ ಬುಡದ ಹತ್ತಿರ ಅಂಟಿಕೊಂಡಿತು. ರೆಕ್ಕೆ ಮಡಚಿ, ಸರಸರ ಮೇಲೆ ಹತ್ತಿ, ಮತ್ತೆ ಬರೀ ಕಲೆಯಾಯಿತು.

ರಾತ್ರಿ ಜಗಲಿಯಲ್ಲಿ ಮಲಗಿದಾಗ ದಾವಣಗೆರೆ ಹೇಳಿದ. ‘ಅದು ಹಾರಿದ್ದು ಎರಡು ಸೆಕೆಂಡು. ನನಗೆ ಕಣ್ಮುಂದೆ ಬರ್ತಿರೋದು ಕಾದ ಮೂರು ತಾಸು, ಆ ಯಜಮಾನ್ರ ಮಾತು. ಮಂದಣ್ಣನ ಮದುವಿ ಯಾಕ ಬೇಕಿತ್ತು ಅಂತ ಈಗ ತಿಳೀತು ನೋಡು.’ ಮರುದಿನ ಪುಸ್ತಕವನ್ನು ಮೊದಲ ಪುಟದಿಂದ ಶುರು ಮಾಡಿದ. ನಾನು ಆಮೇಲೆ ಎಷ್ಟೋ ವಿಮರ್ಶೆ ಓದಿದ್ದೇನೆ. ‘ಕರ್ವಾಲೋ’ ಬಗ್ಗೆ ಅವನ ಈ ಮಾತಿಗಿಂತ ಹತ್ತಿರದ್ದು ನನಗೆ ಸಿಕ್ಕಿಲ್ಲ.

ಕೊನೆಯ ವರ್ಷದ್ದು ಹೇಳಲೇಬೇಕು. ನಮ್ಮ ಮೆಸ್ಸಿನ ಅಡುಗೆ ಭಟ್ಟರು ಕೋಟದ ಕಡೆಯವರು. 1997ರ ಡಿಸೆಂಬರ್ 9ರಂದು ಮಣಿಪಾಲದಲ್ಲಿ ಶಿವರಾಮ ಕಾರಂತರು ತೀರಿಕೊಂಡ ಸುದ್ದಿ ಬಂದಾಗ ಭಟ್ಟರು ಸಾರಿನ ಪಾತ್ರೆ ಮುಂದೆ ಸೌಟು ಹಿಡಿದು ಹಾಗೇ ನಿಂತರು. ‘ನಮ್ಮ ಕಾರಂತಜ್ಜ’ ಅಂದರು. ಚಿಕ್ಕವರಿದ್ದಾಗ ಯಕ್ಷಗಾನದ ಕಡೆ ದೂರದಿಂದ ಕಂಡಿದ್ದರಂತೆ. ಮರುದಿನ ಲೈಬ್ರರಿಯಲ್ಲಿ ಕಾರಂತರ ಕಪಾಟು ಖಾಲಿ. ಎಲ್ಲರೂ ಒಂದೊಂದು ತೆಗೆದುಕೊಂಡು ಹೋಗಿದ್ದರು. ನನಗೆ ಉಳಿದಿದ್ದು ‘ಮರಳಿ ಮಣ್ಣಿಗೆ’, ಬೈಂಡು ಕಿತ್ತು ಬಂದ ಪ್ರತಿ.

ರಾತ್ರಿ ಊಟ ಆದ ಮೇಲೆ ಭಟ್ಟರು ಮಾರನೇ ದಿನದ ತರಕಾರಿ ಹೆಚ್ಚುತ್ತಿದ್ದರು. ನಾನು ಎದುರು ಕೂತು ಗಟ್ಟಿಯಾಗಿ ಓದುತ್ತಿದ್ದೆ. ಅವರಿಗೆ ಓದು ಬರುತ್ತಿತ್ತು, ಆದರೆ ಬಲು ನಿಧಾನ. ಐವತ್ತು ಪುಟ ಆದ ಮೇಲೆ ಅಭ್ಯಾಸಬಲದಿಂದ ನನ್ನ ಅಭಿಪ್ರಾಯ ಹೇಳಿದೆ. ರಾಮ ಐತಾಳರು ಎಷ್ಟು ಕಷ್ಟಪಟ್ಟು ಸಂಸಾರ ನಡೆಸಿದರು ಅಲ್ವಾ ಭಟ್ರೇ, ಅಂದೆ.

ಭಟ್ಟರ ಕೈ ನಿಂತಿತು. ‘ಐತಾಳರು ಎಂತ ಕಷ್ಟಪಟ್ಟದ್ದು ಮಾರಾಯ್ರೆ? ಪೌರೋಹಿತ್ಯಕ್ಕೆ ಹೋಗಿ ಉಂಡು ದಕ್ಷಿಣೆ ತಂದದ್ದು. ಗದ್ದೆ ಕೆಸರಲ್ಲಿ ಇದ್ದದ್ದು ಯಾರು? ಪಾರೋತಿ, ಸರಸೋತಿ. ಹೆಂಡತಿ ಒಬ್ಬಳು, ವಿಧವೆ ತಂಗಿ ಒಬ್ಬಳು. ನಮ್ಮ ಅತ್ತೆಯೂ ಹಾಗೇ. ಅವರ ಬೆರಳ ಸಂದಿ ಸತ್ತ್ರೂ ಒಣಗ್ಲಿಲ್ಲ.’

ನಾನು ಹಿಂದಿನ ಪುಟಗಳನ್ನು ಮತ್ತೆ ನೋಡಿದೆ. ಎಲ್ಲಾ ಅಲ್ಲೇ ಇತ್ತು. ಕಾರಂತರು ಒಂದೂ ಬಿಡದೆ ಬರೆದಿದ್ದರು. ನಾನು ಐತಾಳರ ಹಿಂದೆ ಹೋಗುತ್ತಾ ಆ ಇಬ್ಬರು ಹೆಂಗಸರನ್ನು ದಾಟಿಕೊಂಡು ಬಂದಿದ್ದೆ. ಶೀನಮಯ್ಯರ ಮನೆಯವರು ಬೆಂಗಳೂರಿಗೆ ಹೋಗಿ ಹೋಟೆಲ್ ಇಟ್ಟ ಭಾಗ ಬಂದಾಗ ಭಟ್ಟರು ಅದನ್ನು ಎರಡು ಸಲ ಓದಿಸಿದರು. ಅವರು ಶಿವಮೊಗ್ಗಕ್ಕೆ ಬಂದದ್ದೂ ಹನ್ನೆರಡನೇ ವಯಸ್ಸಿಗೆ, ಹೋಟೆಲಿನಲ್ಲಿ ಲೋಟ ತೊಳೆಯುವುದಕ್ಕೆ. ಅವತ್ತು ಊರಿನ ಗದ್ದೆ ಈಗ ಯಾರು ಮಾಡುತ್ತಿದ್ದಾರೆ ಅಂತ ಕೇಳಿದೆ. ‘ಪಾಳು ಬಿದ್ದಿದೆ’ ಅಂದು ಮತ್ತೆ ಬದನೆಕಾಯಿ ಎತ್ತಿಕೊಂಡರು.

ಪರೀಕ್ಷೆ ಹತ್ತಿರ ಬಂತು, ಓದು ನಿಧಾನ ಆಯಿತು. ಲಚ್ಚ ಮನೆ ಹಾಳು ಮಾಡಿ, ನಾಗವೇಣಿ ಮಗ ರಾಮನನ್ನು ಬೆಳೆಸುವ ಕಡೆ ನಮ್ಮ ಓದು ನಿಂತಿತು. ಮಿಕ್ಕಿದ್ದನ್ನು ನಾನೊಬ್ಬನೇ ಓದಿ ಮುಗಿಸಿದ್ದೆ. ಪುಸ್ತಕ ವಾಪಸ್ ಕೊಡಬೇಕಿತ್ತು. ಊರಿಗೆ ಹೊರಡುವ ಬೆಳಿಗ್ಗೆ ಟ್ರಂಕು ಹೊತ್ತು ಅಡುಗೆಮನೆ ಬಾಗಿಲಿಗೆ ಹೋದೆ. ಭಟ್ಟರು ಒಂದು ಚೀಟಿ ಕೊಟ್ಟು ಪುಸ್ತಕದ ಹೆಸರು, ಬರೆದವರ ಹೆಸರು ದಪ್ಪ ಅಕ್ಷರದಲ್ಲಿ ಬರೆಸಿಕೊಂಡರು. ಮಡಚಿ ಪಂಚೆಯ ಸೊಂಟಕ್ಕೆ ಸಿಕ್ಕಿಸಿದರು.

‘ಭಟ್ರೇ, ಆ ಹುಡುಗ ರಾಮ ಕಡೆಗೆ...’ ಅಂತ ನಾನು ಶುರು ಮಾಡಿದೆ.

ಹಿಟ್ಟು ಮೆತ್ತಿದ ಕೈಯನ್ನು ಅಡ್ಡ ಹಿಡಿದರು. ‘ಹೇಳ್ಬೇಡಿ, ಹೇಳ್ಬೇಡಿ. ಮಗಳು ಈಗ ಏಳನೇ ಕ್ಲಾಸು. ಊರಿಗೆ ಹೋದಾಗ ಅವಳ ಹತ್ರ ಓದಿಸ್ತೆ.’